ಫೋನನ್ನು ಮಲಗಿಸಿ, ನೀವೂ ಮಲಗಿ



ಹಿಂದಿನ ಪಾಠದಲ್ಲಿ ಕುಡಿಯುವ ನೀರಿನ ಬಗ್ಗೆ ಓದಿದಿರಿ. ಈ ಪಾಠ ನಿದ್ದೆಯ ಬಗ್ಗೆ.

ನಿದ್ದೆಗೂ ಒಂದು ಪಾಠ ಬೇಕೇ? ನಿದ್ದೆ ಮಾಡುವುದನ್ನು ಯಾರಾದರೂ ಕಲಿಸಬೇಕೇ? ಹೀಗೆಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಹುಟ್ಟಿದ ಕೂಸಿಗೂ ನಿದ್ದೆ ಬರುತ್ತದೆ. ಅದಕ್ಕೆ ಯಾರೂ ಕಲಿಸಿಲ್ಲ. ಆದರೆ ಬಂದ ನಿದ್ದೆಯನ್ನು ಓಡಿಸುವುದನ್ನು ನಾವು ಈಚೆಗೆ ಕಲಿತಿದ್ದೇವೆ.

ನಮ್ಮ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಮೊದಲು ರಾತ್ರಿ ಊಟವಾದ ಮೇಲೆ ಕಟ್ಟೆಯ ಮೇಲೆ ನಾಲ್ಕು ಮಾತು. ಆಮೇಲೆ ನಿದ್ದೆ. ಮುಂದೆ ಟಿ.ವಿ. ಬಂತು. 2016ರ ನಂತರ ಇಂಟರ್‌ನೆಟ್ ಅಗ್ಗವಾಯಿತು. 2020ರಲ್ಲಿ ಕರೋನಾ ಬಂದು ಶಾಲೆಗಳು ಮುಚ್ಚಿದವು. ಮಕ್ಕಳ ಪಾಠಕ್ಕೆಂದು ಎಷ್ಟೋ ಮನೆಗಳಿಗೆ ಟಚ್ ಫೋನ್ ಬಂತು. ಶಾಲೆ ಮತ್ತೆ ತೆರೆಯಿತು. ಫೋನ್ ಮಾತ್ರ ಹಾಸಿಗೆಯಲ್ಲೇ ಉಳಿಯಿತು.

ಫೋನ್ ಕೆಟ್ಟದ್ದು ಎಂದು ಈ ಪಾಠ ಹೇಳುವುದಿಲ್ಲ. ದ್ರಾಕ್ಷಿಯ ಧಾರಣೆ ಅದರಲ್ಲಿ ಸಿಗುತ್ತದೆ. ಮಳೆಯ ಸುದ್ದಿ ಸಿಗುತ್ತದೆ. ದುಡಿಯಲು ದೂರ ಹೋದ ಮಗನ ಮುಖ ಕಾಣುತ್ತದೆ. ಅದೆಲ್ಲ ಬೇಕು.

ಈ ಪಾಠ ಹೇಳುವುದು ಒಂದೇ ಮಾತು. ಮಲಗುವ ಒಂದು ತಾಸು ಮೊದಲು ಫೋನ್, ಟಿ.ವಿ. ಬಂದ್ ಆಗಲಿ. ಫೋನ್ ನಮ್ಮ ಹಾಸಿಗೆಯಿಂದ ದೂರ ಮಲಗಲಿ.

ಯಾಕೆ? ಹೇಗೆ? ಮುಂದೆ ಓದಿ.

1. ನಿದ್ದೆಯಲ್ಲಿ ಏನು ನಡೆಯುತ್ತದೆ?

ನಿದ್ದೆ ಎಂದರೆ ಸುಮ್ಮನೆ ಬಿದ್ದಿರುವುದಲ್ಲ. ನಾವು ಮಲಗಿದಾಗ ಶರೀರ ತನ್ನ ಕೆಲಸ ಮಾಡುತ್ತಿರುತ್ತದೆ.

ದಿನವಿಡೀ ದುಡಿದ ಕೈಕಾಲುಗಳ ದುರಸ್ತಿ ನಡೆಯುತ್ತದೆ. ರಕ್ತದ ಒತ್ತಡ ಇಳಿಯುತ್ತದೆ. ಹೃದಯಕ್ಕೆ ಸ್ವಲ್ಪ ಆರಾಮ ಸಿಗುತ್ತದೆ. ಮಕ್ಕಳು ಗಾಢ ನಿದ್ದೆಯಲ್ಲಿದ್ದಾಗ ಅವರ ಬೆಳವಣಿಗೆಗೆ ಬೇಕಾದ ರಸ ಶರೀರದಲ್ಲಿ ಹೆಚ್ಚು ಹುಟ್ಟುತ್ತದೆ.

ಇನ್ನೊಂದು ಮಾತು. ಹಗಲು ಕಲಿತದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಇವತ್ತು ನೀವು ಕಲಿತ ಒತ್ತಕ್ಷರ ನಾಳೆಯೂ ನೆನಪಿರಬೇಕೇ? ಹಾಗಾದರೆ ಇಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಬೇಕು. ನಿಮ್ಮ ಮಕ್ಕಳ ಮಗ್ಗಿಗೂ ಇದೇ ಮಾತು.

ಯಾರಿಗೆ ದಿನಕ್ಕೆ ಎಷ್ಟು ನಿದ್ದೆ ಬೇಕು? ಕೆಳಗಿನ ಪಟ್ಟಿ ಓದಿ.

1ರಿಂದ 2 ವರ್ಷದ ಕೂಸು: 11ರಿಂದ 14 ತಾಸು (ಹಗಲು ನಿದ್ದೆ ಸೇರಿ)
3ರಿಂದ 5 ವರ್ಷದ ಮಗು: 10ರಿಂದ 13 ತಾಸು (ಹಗಲು ನಿದ್ದೆ ಸೇರಿ)
6ರಿಂದ 12 ವರ್ಷದವರು: 9ರಿಂದ 12 ತಾಸು
13ರಿಂದ 18 ವರ್ಷದವರು: 8ರಿಂದ 10 ತಾಸು
ದೊಡ್ಡವರು: 7 ತಾಸು ಅಥವಾ ಹೆಚ್ಚು

ಒಂದೆರಡು ರಾತ್ರಿ ನಿದ್ದೆ ಕೆಟ್ಟರೆ ಚಿಂತೆ ಬೇಡ. ಮದುವೆ ಇರುತ್ತದೆ, ಜಾತ್ರೆ ಇರುತ್ತದೆ. ಆದರೆ ದಿನಾಲೂ 7 ತಾಸಿಗಿಂತ ಕಡಿಮೆ ನಿದ್ದೆ ಮಾಡುವ ದೊಡ್ಡವರಿಗೆ ಬಿ.ಪಿ., ಸಕ್ಕರೆ ಕಾಯಿಲೆ, ಬೊಜ್ಜು ಬರುವ ಸಂಭವ ಹೆಚ್ಚು. ಸಿಟ್ಟು ಬೇಗ ಬರುತ್ತದೆ. ಮೋಟಾರ್ ಸೈಕಲ್ ಮೇಲೆ ತೂಕಡಿಕೆ ಬಂದರೆ ಜೀವಕ್ಕೇ ಅಪಾಯ.

ಈಗ ನಮ್ಮ ಮನೆಗಳನ್ನು ನೋಡೋಣ. ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುವ ತಾಯಿ ನಸುಕಿನಲ್ಲಿ 5 ಗಂಟೆಗೆ ಏಳಬೇಕು. ರೊಟ್ಟಿ ಬಡಿಯಬೇಕು, ನೀರು ತುಂಬಬೇಕು. ಅವಳು ಎಂಟು ಗಂಟೆಯ ತನಕ ಮಲಗುವ ಹಾಗಿಲ್ಲ. ಹಾಲು ಹಾಕುವವರಿಗೂ ಹಾಗೇ. ಸಕ್ಕರೆ ಕಾರ್ಖಾನೆಯ ಕಬ್ಬು ಕಡಿಯುವವರಿಗಂತೂ ಕೇಳುವುದೇ ಬೇಡ.

ಏಳುವ ಹೊತ್ತು ನಮ್ಮ ಕೈಯಲ್ಲಿಲ್ಲ. ಮಲಗುವ ಹೊತ್ತು ಸ್ವಲ್ಪವಾದರೂ ನಮ್ಮ ಕೈಯಲ್ಲಿದೆ. ಆ ಹೊತ್ತನ್ನೂ ಫೋನಿಗೆ ಕೊಟ್ಟರೆ ನಮಗೆ ಏನು ಉಳಿಯಿತು?

2. ತಲೆಯೊಳಗಿನ ಗಡಿಯಾರ

ಕೋಳಿಗೆ ಗಡಿಯಾರ ನೋಡಲು ಬರುವುದಿಲ್ಲ. ಆದರೂ ನಸುಕಿಗೆ ಕೂಗುತ್ತದೆ. ಎಮ್ಮೆ ಹೊತ್ತು ಮುಳುಗುವಾಗ ತಾನೇ ಮನೆಯ ದಾರಿ ಹಿಡಿಯುತ್ತದೆ. ಪ್ರಾಣಿಗಳಿಗೆ ಒಳಗೇ ಒಂದು ಗಡಿಯಾರ ಇದೆ. ನಮಗೂ ಇದೆ.

ನಮ್ಮ ಮಿದುಳಿನ ಒಳಗೆ, ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಈ ಗಡಿಯಾರ ಇದೆ. ಅಕ್ಕಿ ಕಾಳಿಗಿಂತ ಚಿಕ್ಕದು. ಅದು ಕಣ್ಣಿನಿಂದ ಬರುವ ಬೆಳಕನ್ನು ನೋಡಿ ಹಗಲೋ ರಾತ್ರಿಯೋ ಎಂದು ತಿಳಿದುಕೊಳ್ಳುತ್ತದೆ.

ಶರೀರದ ಗಡಿಯಾರ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು. ಅವರ ಹೆಸರು ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಶ್ ಮತ್ತು ಮೈಕೆಲ್ ಯಂಗ್. ಅವರು ಈ ಗುಟ್ಟನ್ನು ಕಲಿತದ್ದು ಹಣ್ಣಿನ ಮೇಲೆ ಕೂರುವ ಸಣ್ಣ ನೊಣದಿಂದ!

ಹೊತ್ತು ಮುಳುಗಿ ಕತ್ತಲಾದಾಗ ಮಿದುಳಿನ ಒಂದು ಗ್ರಂಥಿಯಿಂದ ಒಂದು ರಸ ಹೊರಡುತ್ತದೆ. ಅದರ ಹೆಸರು ಮೆಲಟೋನಿನ್. ನಾವು ಅದನ್ನು "ಕತ್ತಲೆ ರಸ" ಎಂದು ಕರೆಯೋಣ. ಅದು ರಕ್ತದಲ್ಲಿ ಹರಿದು ಇಡೀ ಶರೀರಕ್ಕೆ ಡಂಗುರ ಸಾರುತ್ತದೆ: "ರಾತ್ರಿ ಆಯಿತು, ಮಲಗುವ ಹೊತ್ತಾಯಿತು." ಆಗ ಕಣ್ಣು ಎಳೆಯುತ್ತದೆ, ಆಕಳಿಕೆ ಬರುತ್ತದೆ.

ಕಣ್ಣಿನ ಮೇಲೆ ಜೋರು ಬೆಳಕು ಬಿದ್ದರೆ ಈ ರಸ ಕಡಿಮೆಯಾಗುತ್ತದೆ. ಅದರಲ್ಲೂ ನೀಲಿ ಛಾಯೆಯ ಬಿಳಿ ಬೆಳಕಿಗೆ ಅದು ಬೇಗ ಅಡಗುತ್ತದೆ. ಫೋನ್, ಟಿ.ವಿ., ಬಿಳಿ ಎಲ್‌.ಇ.ಡಿ. ಬಲ್ಬು, ಇವುಗಳಿಂದ ಬರುವುದು ಇಂಥ ಬೆಳಕು. ಒಲೆಯ ಬೆಂಕಿ, ಎಣ್ಣೆಯ ದೀಪದ ಬೆಳಕು ಮಂದ, ಬಣ್ಣ ಕೆಂಪು-ಹಳದಿ. ಅದರಿಂದ ಅಷ್ಟು ತೊಂದರೆ ಇಲ್ಲ.

ಮಕ್ಕಳ ಕಣ್ಣಿನೊಳಗೆ ದೊಡ್ಡವರಿಗಿಂತ ಹೆಚ್ಚು ಬೆಳಕು ಹೋಗುತ್ತದೆ. ಆದ್ದರಿಂದ ರಾತ್ರಿ ಬೆಳಕಿನ ಪರಿಣಾಮ ಅವರ ಮೇಲೆ ಹೆಚ್ಚು.

3. ಫೋನ್ ನಿದ್ದೆ ಕದಿಯುವ ಮೂರು ದಾರಿ

ಮೊದಲನೆಯ ದಾರಿ: ಬೆಳಕು. ಅಮೆರಿಕದ ಬಾಸ್ಟನ್ ಊರಿನಲ್ಲಿ ಒಂದು ಪರೀಕ್ಷೆ ಮಾಡಿದರು. ಅದರ ಫಲ 2014ರ ಕೊನೆಗೆ ಪ್ರಕಟವಾಯಿತು. 12 ಜನ ಆರೋಗ್ಯವಂತ ಯುವಕ ಯುವತಿಯರು ಐದು ರಾತ್ರಿ ಮಲಗುವ ಮುಂಚೆ ಬೆಳಕಿನ ಪರದೆಯ ಮೇಲೆ ಪುಸ್ತಕ ಓದಿದರು. ಇನ್ನೈದು ರಾತ್ರಿ ಕಾಗದದ ಪುಸ್ತಕ ಓದಿದರು. ಪರದೆ ನೋಡಿದ ರಾತ್ರಿಗಳಲ್ಲಿ ಅವರ ಕತ್ತಲೆ ರಸ ಒಂದೂವರೆ ತಾಸು ತಡವಾಗಿ ಹೊರಟಿತು. ನಿದ್ದೆ ಹತ್ತಲು ಸುಮಾರು 10 ನಿಮಿಷ ಹೆಚ್ಚು ಬೇಕಾಯಿತು. ಮರುದಿನ ಮುಂಜಾನೆ ಅವರಿಗೆ ಜಡ ಹೆಚ್ಚಿತ್ತು.

ಬರೀ 10 ನಿಮಿಷವೇ ಎಂದು ನಿಮಗೆ ಅನಿಸಬಹುದು. ಅನಿಸಿದ್ದು ಸರಿ. ಬೆಳಕು ಒಬ್ಬನೇ ಕಳ್ಳನಲ್ಲ. ಅವನ ಜೊತೆಗೆ ಇನ್ನಿಬ್ಬರಿದ್ದಾರೆ.

ಎರಡನೆಯ ದಾರಿ: ಮನಸ್ಸು. "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂದು ಹಿರಿಯರು ಹೇಳುತ್ತಾರೆ. ಫೋನ್ ಏನು ಮಾಡುತ್ತದೆ? ಸಂತೆಯನ್ನೂ ಹಾಸಿಗೆಗೆ ತರುತ್ತದೆ, ಚಿಂತೆಯನ್ನೂ ತರುತ್ತದೆ. ಎಲ್ಲೋ ಆದ ಅಪಘಾತ, ಯಾರದೋ ಜಗಳ, ಗುಂಪಿನಲ್ಲಿ ಬಂದ ಕೆಟ್ಟ ಸುದ್ದಿ, ಮರಳಿ ಕೊಡಬೇಕಾದ ಸಾಲದ ಮೆಸೇಜು. ಕಣ್ಣು ಮುಚ್ಚಿದರೂ ಮನಸ್ಸು ಓಡುತ್ತಿರುತ್ತದೆ. ಮಕ್ಕಳು ಆಡುವ ಹೊಡೆದಾಟದ ಗೇಮ್ ಕೂಡ ಹೀಗೇ. ಆಟ ಮುಗಿದರೂ ಎದೆ ಬಡಿತ ಇಳಿಯಲು ಹೊತ್ತು ಬೇಕು.

ಮೂರನೆಯ ದಾರಿ: ಹೊತ್ತು. ಇವನೇ ದೊಡ್ಡ ಕಳ್ಳ. ಬಯಲಾಟಕ್ಕೆ ಮಂಗಳ ಇದೆ. ಸಿನಿಮಾಕ್ಕೆ ಕೊನೆ ಇದೆ. ಪುಸ್ತಕಕ್ಕೆ ಕೊನೆಯ ಪುಟ ಇದೆ. ಫೋನಿನ ರೀಲ್ಸ್‌ಗೆ ಕೊನೆಯೇ ಇಲ್ಲ. ಒಂದು ಮುಗಿದರೆ ಇನ್ನೊಂದು ತಾನೇ ಬರುತ್ತದೆ. ಹಾಗೆ ಬರಲಿ ಎಂದೇ ಅದನ್ನು ಮಾಡಿದ್ದಾರೆ. ನಾವು ಹೆಚ್ಚು ಹೊತ್ತು ನೋಡಿದಷ್ಟೂ ಕಂಪನಿಗೆ ಜಾಹೀರಾತಿನ ಹಣ. ನಮಗೆ ಹೋಗುವುದು ನಿದ್ದೆ.

ಕೆಲವರು ಫೋನಿನ ಪರದೆಯನ್ನು ಹಳದಿ ಬಣ್ಣಕ್ಕೆ ತಿರುಗಿಸಿಕೊಳ್ಳುತ್ತಾರೆ. ಮಾಡಿಕೊಳ್ಳಲಿ, ತಪ್ಪಿಲ್ಲ. ಆದರೆ ಅದು ಮೊದಲನೆಯ ಕಳ್ಳನಿಗೆ ಮಾತ್ರ ಸ್ವಲ್ಪ ತಡೆ. ಉಳಿದ ಇಬ್ಬರು ಒಳಗೇ ಇರುತ್ತಾರೆ.

4. ಮಾತುಕತೆ

ಈ ಮಾತುಕತೆಯನ್ನು ಇಬ್ಬರು ಕಲಿಕಾರ್ಥಿಗಳು ಗಟ್ಟಿಯಾಗಿ ಓದಿ. ಒಬ್ಬರು ಕಾಕು, ಇನ್ನೊಬ್ಬರು ಆಶಾ ಅಕ್ಕ.

ಕಾಕು: ಬಾ ತಂಗಿ, ಕೂಡು. ಚಾ ಮಾಡ್ಲೇನು?

ಆಶಾ ಅಕ್ಕ: ಬ್ಯಾಡ್ರಿ ಕಾಕು. ಹೊತ್ತ ಮುಳುಗಿದ ಮ್ಯಾಲೆ ಚಾ ಕುಡದ್ರ ನನಗ ನಿದ್ದಿ ಬರೂದಿಲ್ಲ. ನೀವ್ಯಾಕ ಬಾಡೀರಿ? ಆರಾಮ ಅದೀರೇನ್ರಿ?

ಕಾಕು: ಎಲ್ಲೀ ಆರಾಮ ತಂಗಿ. ಮುಂಜಾನೆಯಿಂದ ತಲಿ ಹಿಡದಂಗ ಆಗೇತಿ. ರಾತ್ರಿ ನಿದ್ದಿನ ಹತ್ತೂದಿಲ್ಲ. ಒಂದ ನಿದ್ದಿ ಗುಳಿಗಿ ಕೊಡು.

ಆಶಾ ಅಕ್ಕ: ಡಾಕ್ಟರ್ ಬರದು ಕೊಡದ ನಿದ್ದಿ ಗುಳಿಗಿ ತಗೋಬಾರದ್ರಿ. ಮೊದಲ ಹೇಳ್ರಿ, ರಾತ್ರಿ ಎಷ್ಟಕ್ಕ ಮಲಗ್ತೀರಿ?

ಕಾಕು: ಒಂಬತ್ತೂವರಿಗೆ ಹಾಸಗಿ ಹಾಕ್ತೀನಿ.

ಆಶಾ ಅಕ್ಕ: ಹಾಸಗಿ ಹಾಕೂದು ಒಂಬತ್ತೂವರಿಗೆ. ನಿದ್ದಿ ಹತ್ತೂದು ಎಷ್ಟಕ್ಕ?

ಕಾಕು: (ನಗುತ್ತಾ) ಅದು ಹನ್ನೊಂದು ಹೊಡೀತೈತಿ. ಮೊಮ್ಮಗ ಮಗ್ಗಲಾಗ ಫೋನ್ ಹಚ್ಕೊಂಡಿರ್ತಾನ. ಅಂವ ನೋಡ್ತಾನಂತ ನಾನೂ ನೋಡ್ತೀನಿ. ಒಂದ ಭಜನಿ ಮುಗದ್ರ ಇನ್ನೊಂದು ತಾನ ಬರ್ತೈತಿ. ಬಿಡಾಕ ಮನಸಾಗೂದಿಲ್ಲ.

ಆಶಾ ಅಕ್ಕ: ಏಳೂದು ಐದಕ್ಕಲ್ರಿ? ಹಂಗಾರ ಆರ ತಾಸ ಆತು. ಮೊಮ್ಮಗ ಮುಂಜಾನೆ ಸರಳ ಏಳತಾನೇನ್ರಿ?

ಕಾಕು: ಎಬ್ಬಸೂದರಾಗ ಸಾಕಾಗಿ ಹೋಗತೈತಿ. ಮೊನ್ನಿ ಸಾಲಿ ಗುರುಗಳು ಹೇಳಿ ಕಳಿಸ್ಯಾರ, ಹುಡುಗ ವರ್ಗದಾಗ ತೂಕಡಸ್ತಾನಂತ. ಬೈದ್ರ ಅಳತಾನ. ಫೋನ್ ಕಸಗೊಂಡ್ರ ಊಟಾ ಬಿಡ್ತಾನ.

ಆಶಾ ಅಕ್ಕ: ಅವನ ಕೈಯಾಗ ಮೊದಲ ಫೋನ್ ಕೊಟ್ಟಾವ್ರು ಯಾರ್ರಿ?

ಕಾಕು: ಇನ್ಯಾರು? ನಾನ ಕೊಟ್ಟೆ. ಸೊಸಿ ದ್ರಾಕ್ಷಿ ತ್ವಾಟಕ್ಕ ಹೋಗ್ತಾಳ. ನಾ ಒಬ್ಬಾಕಿನ ಮನ್ಯಾಗ. ಹುಡುಗ ಹಠಾ ಮಾಡಿದ್ರ ಫೋನ್ ಕೊಡ್ತಿದ್ದೆ, ಸುಮ್ಮನಾಗತಿದ್ದ.

ಆಶಾ ಅಕ್ಕ: ಅದಕ್ಕ ನಿಮಗ ಬೈಯೂದಿಲ್ರಿ ಕಾಕು. ಕೂಸಿನ ನೋಡಾಕ ಇನ್ನೊಬ್ಬರು ಇಲ್ಲದಾಗ ಭಾಳ ಮಂದಿ ಹಂಗ ಮಾಡ್ತಾರ. ಆದ್ರ ಈಗ ಬರೇ ಕಸಗೊಂಡ್ರ ಆಗೂದಿಲ್ಲ. ಅದರ ಜಾಗಾದಾಗ ಬ್ಯಾರೆ ಏನರ ಕೊಡಬೇಕು.

ಕಾಕು: ಏನ್ ಕೊಡ್ಲಿ?

ಆಶಾ ಅಕ್ಕ: ನಿಮ್ಮ ಹಂತ್ಯಾಕ ಕಥಿ ಇಲ್ಲೇನ್ರಿ?

ಕಾಕು: ಅದಾವಲ್ಲ. ಗುಡ್ಡಾಪುರ ದಾನಮ್ಮನ ಕಥಿ ನಮ್ಮವ್ವ ರಾತ್ರೆಲ್ಲಾ ಹೇಳ್ತಿದ್ಲು. ಈಗಿನ ಹುಡುಗ್ರು ಕೇಳತಾವೇನು?

ಆಶಾ ಅಕ್ಕ: ಒಂದೆರಡ ದಿನ ಕೇಳೂದಿಲ್ಲ, ಅಳತಾವ. ನೀವು ಗಟ್ಟಿ ಆಗ್ರಿ. ಎಲ್ಲಾರ ಫೋನೂ ಒಂದ ಕಡೆ ಇಡ್ರಿ. ನಿಮ್ಮದು, ಮಗಂದು, ಸೊಸೀದು. ದೊಡ್ಡಾವ್ರು ತಾವ ನೋಡ್ಕೋತ ಹುಡುಗಗ ಬ್ಯಾಡ ಅಂದ್ರ ಅಂವ ಯಾಕ ಕೇಳತಾನ?

ಕಾಕು: ಖರೇ ಐತಿ ತಂಗಿ. ಹಂಗಾರ ನನ್ನಿಂದನ ಶುರು ಆಗಬೇಕು.

5. ಒಂದು ಊರು ಮಾಡಿ ತೋರಿಸಿತು

ಒಂದು ಮನೆ ಫೋನ್ ಬಂದ್ ಮಾಡುವುದು ಕಷ್ಟ. ಪಕ್ಕದ ಮನೆಯ ಹುಡುಗ ನೋಡುತ್ತಿದ್ದರೆ ನಮ್ಮ ಹುಡುಗ ಹಠ ಮಾಡುತ್ತಾನೆ. ಇಡೀ ಊರು ಸೇರಿ ಮಾಡಿದರೆ ಹೇಗೆ?

ನಮ್ಮ ಸಾಂಗ್ಲಿ ಜಿಲ್ಲೆಯಲ್ಲೇ ಇದಕ್ಕೆ ಉದಾಹರಣೆ ಇದೆ. ಕಡೇಗಾಂವ ತಾಲೂಕಿನ ಮೋಹಿತ್ಯಾಂಚೆ ವಡಗಾಂವ ಎಂಬ ಊರು. ಕರೋನಾ ಕಾಲದಲ್ಲಿ ಆ ಊರಿನ ಮಕ್ಕಳ ಕೈಗೆ ಫೋನ್ ಬಂದಿತ್ತು. ಶಾಲೆ ಶುರುವಾದ ಮೇಲೂ ಮಕ್ಕಳ ಮನಸ್ಸು ಓದಿನ ಕಡೆ ತಿರುಗಲಿಲ್ಲ. 2022ರ ಆಗಸ್ಟ್ ತಿಂಗಳಲ್ಲಿ, ಸ್ವಾತಂತ್ರ್ಯ ದಿನದ ಹೊತ್ತಿಗೆ, ಊರಿನವರು ಸಭೆ ಸೇರಿ ಒಂದು ತೀರ್ಮಾನ ಮಾಡಿದರು.

ದಿನಾಲೂ ಸಂಜೆ 7 ಗಂಟೆಗೆ ಊರ ದೇವಸ್ಥಾನದಿಂದ ಸೈರನ್ ಕೂಗುವುದು. ಆಗ ಎಲ್ಲ ಮನೆಗಳಲ್ಲಿ ಟಿ.ವಿ. ಬಂದ್, ಫೋನ್ ಬಂದ್. 8-30ರ ತನಕ ಮಕ್ಕಳು ಓದು ಬರಹ ಮಾಡುವುದು. ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು, ನಿವೃತ್ತ ಗುರುಗಳು ಮನೆ ಮನೆಗೆ ಹೋಗಿ ತಿಳಿಸಿ ಹೇಳಿದರು. ಈ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು.

ಅವರು ಮಾಡಿದ್ದು ಓದಿಗಾಗಿ, ನಿದ್ದೆಗಾಗಿ ಅಲ್ಲ. ಆದರೂ ನಾವು ಎರಡು ಮಾತು ಕಲಿಯಬಹುದು. ಒಂದು, ಹೊತ್ತು ಗೊತ್ತು ಮಾಡಬೇಕು. "ಇನ್ನು ಸಾಕು" ಎಂದು ಫೋನ್ ಹೇಳುವುದಿಲ್ಲ. ಗಡಿಯಾರ ಹೇಳಬೇಕು. ಎರಡು, ಎಲ್ಲರಿಗೂ ಒಂದೇ ನಿಯಮ ಇರಬೇಕು. ಸೈರನ್ ಮಕ್ಕಳಿಗೆ ಮಾತ್ರ ಕೂಗಲಿಲ್ಲ, ದೊಡ್ಡವರಿಗೂ ಕೂಗಿತು.

6. ನಾವು ಏನು ಮಾಡಬೇಕು?

ಒಂದೇ ದಿನ ಎಲ್ಲವನ್ನೂ ಮಾಡುವುದು ಬೇಡ. ಒಂದೊಂದೇ ಹೆಜ್ಜೆ ಇಡಿ.

(1) ಮಲಗುವ ಹೊತ್ತನ್ನು ಗೊತ್ತು ಮಾಡಿ. ಏಳುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ. 5ಕ್ಕೆ ಏಳಬೇಕಾದರೆ 9-30ಕ್ಕೆ ಮಲಗಬೇಕು. ಆಗ ಏಳೂವರೆ ತಾಸು ಸಿಗುತ್ತದೆ.

(2) ಅದಕ್ಕೆ ಒಂದು ತಾಸು ಮೊದಲು ಫೋನ್, ಟಿ.ವಿ. ಬಂದ್ ಮಾಡಿ. ಒಂದು ತಾಸು ಆಗದಿದ್ದರೆ ಮೊದಲ ವಾರ ಕಾಲು ತಾಸು. ಎರಡನೆಯ ವಾರ ಅರ್ಧ ತಾಸು. ಹೀಗೆ ಹೆಚ್ಚಿಸಿ.

(3) ಫೋನಿಗೆ ಮಲಗಲು ಒಂದು ಜಾಗ ಮಾಡಿ. ಗೋಡೆಯ ಗೂಡು ಇರಬಹುದು, ಪಡಸಾಲೆಯ ಹಲಗೆ ಇರಬಹುದು. ಮನೆಯ ಎಲ್ಲ ಫೋನ್ ಅಲ್ಲಿಯೇ ಇರಲಿ. ಚಾರ್ಜಿಗೂ ಅಲ್ಲಿಯೇ ಹಚ್ಚಿ. ದಿಂಬಿನ ಕೆಳಗೆ, ಕೌದಿಯ ಒಳಗೆ ಇಟ್ಟು ಚಾರ್ಜ್ ಮಾಡಬೇಡಿ. ಫೋನ್ ಕಾಯುತ್ತದೆ. ಬೆಂಕಿ ಹತ್ತುವ ಅಪಾಯವೂ ಇದೆ.

(4) "ಅಲಾರಾಂ ಬೇಕಲ್ಲ" ಎನ್ನುವಿರಾ? ದೂರ ಇಟ್ಟರೂ ಅಲಾರಾಂ ಕೇಳುತ್ತದೆ. ಬಂದ್ ಮಾಡಲು ಎದ್ದು ಹೋಗಬೇಕು. ನಿದ್ದೆಯೂ ಬಿಡುತ್ತದೆ! ಇಲ್ಲವೇ ಒಂದು ಸಾದಾ ಅಲಾರಾಂ ಗಡಿಯಾರ ತನ್ನಿ.

(5) ಮಲಗುವ ಕಡೆ ಬೆಳಕು ಮಂದ ಇರಲಿ. ದೊಡ್ಡ ಬಲ್ಬು ಆರಿಸಿ, ಸಣ್ಣ ಬಲ್ಬು ಹಚ್ಚಿ.

(6) ಆ ಒಂದು ತಾಸನ್ನು ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಕೈ ಫೋನಿನ ಕಡೆ ಹೋಗುತ್ತದೆ. ಮಕ್ಕಳಿಗೆ ಕಥೆ ಹೇಳಿ. ಒಗಟು ಹಾಕಿ. ನಾಳೆಯ ಕಾಳು ಹಸನು ಮಾಡಿ. ಗಂಡ ಹೆಂಡತಿ ಕುಳಿತು ಮನೆಯ ಲೆಕ್ಕ ಮಾತಾಡಿ. ಈ ಪುಸ್ತಕದ ಒಂದು ಪುಟ ಓದಿ. ಕಾಗದದ ಪುಸ್ತಕ ಓದಿದರೆ ನಿದ್ದೆ ಓಡುವುದಿಲ್ಲ.

(7) ಹೊತ್ತು ಮುಳುಗಿದ ಮೇಲೆ ಚಹಾ ಕಡಿಮೆ ಮಾಡಿ. ಚಹಾದ ಗುಣ ಐದಾರು ತಾಸಾದರೂ ಅರ್ಧ ಉಳಿದಿರುತ್ತದೆ.

ಚಿಕ್ಕ ಮಕ್ಕಳಿಗೆ: 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೀಗೆ ಹೇಳಿದೆ. 2 ವರ್ಷ ತುಂಬದ ಕೂಸಿಗೆ ಟಿ.ವಿ., ಫೋನ್ ತೋರಿಸುವುದೇ ಬೇಡ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ತಾಸಿಗಿಂತ ಹೆಚ್ಚು ಬೇಡ. ಅದಕ್ಕೂ ಕಡಿಮೆಯಾದರೆ ಇನ್ನೂ ಒಳ್ಳೆಯದು.

ಬೆಳೆದ ಮಕ್ಕಳಿಗೆ: 14-15 ವರ್ಷದ ಮಕ್ಕಳಿಗೆ ರಾತ್ರಿ ಬೇಗ ನಿದ್ದೆ ಬರುವುದಿಲ್ಲ. ಆ ವಯಸ್ಸಿನಲ್ಲಿ ಒಳಗಿನ ಗಡಿಯಾರವೇ ಸ್ವಲ್ಪ ಹಿಂದೆ ಬೀಳುತ್ತದೆ. ಅದು ಅವರ ಸೋಮಾರಿತನ ಅಲ್ಲ. ಬೈದು ಕಸಿದುಕೊಂಡರೆ ಕದ್ದು ನೋಡುತ್ತಾರೆ. ಕೂರಿಸಿಕೊಂಡು ಮಾತಾಡಿ. "ನನ್ನ ಫೋನೂ ಅಲ್ಲೇ ಇಡುತ್ತೇನೆ, ನಿನ್ನದೂ ಇಡು" ಎನ್ನಿ.

7. ರಾತ್ರಿ ಕೆಲಸ ಇದ್ದವರು ಏನು ಮಾಡಬೇಕು?

ಬೋರಿಗೆ ರಾತ್ರಿ ಕರೆಂಟ್ ಬಂದರೆ ರೈತ ರಾತ್ರಿಯೇ ಹೊಲಕ್ಕೆ ಹೋಗಬೇಕು. ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಇದ್ದವರು ರಾತ್ರಿ ಎಚ್ಚರ ಇರಲೇಬೇಕು. ಅವರಿಗೆ "9-30ಕ್ಕೆ ಮಲಗಿ" ಎಂದರೆ ಆಗುವ ಮಾತಲ್ಲ.

ಅಂಥವರು ಕೆಲಸ ಮುಗಿಸಿ ಬಂದ ಮೇಲೆ ಫೋನ್ ನೋಡದೆ ನೇರ ಮಲಗಬೇಕು. ಕಿಟಕಿ ಬಾಗಿಲು ಹಾಕಿ ಕೋಣೆ ಕತ್ತಲೆ ಮಾಡಿಕೊಳ್ಳಬೇಕು. ಕೋಣೆ ಇಲ್ಲದಿದ್ದರೆ ಕಣ್ಣಿನ ಮೇಲೆ ಒಂದು ಕರಿ ಬಟ್ಟೆ ಹಾಕಿಕೊಳ್ಳಬಹುದು. ಮನೆಯವರು ಟಿ.ವಿ. ಸಪ್ಪಳ ಮಾಡಬಾರದು. ದುಡಿದು ಬಂದವರ ಹಗಲು ನಿದ್ದೆಯೂ ನಿದ್ದೆಯೇ. ಅದಕ್ಕೂ ಮರ್ಯಾದೆ ಕೊಡಬೇಕು.

ಕೆಲವರ ಮನೆಯವರು ಕಬ್ಬು ಕಡಿಯಲು ದೂರ ಹೋಗಿರುತ್ತಾರೆ. ಮನೆಯಲ್ಲಿ ಬಸುರಿ ಇರುತ್ತಾಳೆ, ಕಾಯಿಲೆಯವರು ಇರುತ್ತಾರೆ. ರಾತ್ರಿ ಫೋನ್ ಬಂದರೆ ಎತ್ತಬೇಕು. ಅಂಥವರು ಫೋನ್ ಪೂರ್ತಿ ಆರಿಸಬೇಡಿ. ಗಂಟೆ ಕೇಳುವಷ್ಟು ದೂರ ಇಡಿ. ರಾತ್ರಿ ಇಂಟರ್‌ನೆಟ್ ಮಾತ್ರ ಬಂದ್ ಮಾಡಿ. ಆಗ ಮೆಸೇಜು, ವಿಡಿಯೋ ಬರುವುದಿಲ್ಲ. ಸಾದಾ ಫೋನ್ ಕರೆ ಬರುತ್ತದೆ. ನೆನಪಿಡಿ, ವಾಟ್ಸಾಪ್ ಕರೆ ಬರುವುದಿಲ್ಲ. ಆದ್ದರಿಂದ "ರಾತ್ರಿ ಸಾದಾ ಕರೆ ಮಾಡು" ಎಂದು ಮನೆಯವರಿಗೆ ಮೊದಲೇ ಹೇಳಿಡಿ.

8. ಡಾಕ್ಟರ ಬಳಿ ಯಾವಾಗ ಹೋಗಬೇಕು?

ಎಲ್ಲ ನಿದ್ದೆಗೇಡಿಗೂ ಫೋನೇ ಕಾರಣವಲ್ಲ. ಫೋನ್ ದೂರ ಇಟ್ಟರೂ ವಾರಕ್ಕೆ ಮೂರು ರಾತ್ರಿ ನಿದ್ದೆ ಬರದೆ, ಹೀಗೇ ಮೂರು ತಿಂಗಳು ನಡೆದರೆ ಅದು ಕಾಯಿಲೆ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತಂತಾದರೂ ಡಾಕ್ಟರಿಗೆ ತೋರಿಸಬೇಕು. ಹತ್ತಿರದ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ.

ಸಾಲದ ಚಿಂತೆ, ಮನೆಯ ದುಃಖದಿಂದ ನಿದ್ದೆ ಹೋಗಿದೆಯೇ? ಬದುಕೇ ಬೇಡ ಎನಿಸುತ್ತಿದೆಯೇ? ಒಬ್ಬರೇ ಕೂರಬೇಡಿ. ನಂಬಿಕೆಯವರ ಜೊತೆ ಮಾತಾಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರು 14416. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹಣ ಕೊಡಬೇಕಾಗಿಲ್ಲ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾತಾಡಬಹುದು. ಈ ನಂಬರನ್ನು ಗೋಡೆಯ ಮೇಲೆ ಬರೆದಿಡಿ.

ಅಭ್ಯಾಸ

ಅ. ಹೊಸ ಪದಗಳು. ಓದಿ, ಎರಡು ಸಲ ಬರೆಯಿರಿ.
ಗ್ರಂಥಿ – ಶರೀರದಲ್ಲಿ ರಸ ಹುಟ್ಟುವ ಜಾಗ
ಪರದೆ – ಫೋನ್ ಅಥವಾ ಟಿ.ವಿ.ಯಲ್ಲಿ ಚಿತ್ರ ಕಾಣುವ ಭಾಗ
ಮಂದ – ಜೋರು ಇಲ್ಲದ
ಪಾಳಿ – ಕೆಲಸದ ಸರದಿ
ಸಹಾಯವಾಣಿ – ಸಹಾಯ ಕೇಳಲು ಇರುವ ಫೋನ್ ನಂಬರು

ಆ. ಬಿಟ್ಟ ಜಾಗ ತುಂಬಿರಿ.
1. ದೊಡ್ಡವರಿಗೆ ದಿನಕ್ಕೆ ಕನಿಷ್ಠ ______ ತಾಸು ನಿದ್ದೆ ಬೇಕು.
2. ಕತ್ತಲಾದಾಗ ಮಿದುಳಿನಿಂದ ಹೊರಡುವ ರಸದ ಹೆಸರು ______.
3. ಮೋಹಿತ್ಯಾಂಚೆ ವಡಗಾಂವದಲ್ಲಿ ಸಂಜೆ ______ ಗಂಟೆಗೆ ಸೈರನ್ ಕೂಗುತ್ತಿತ್ತು.

ಇ. ಸರಿಯೋ ತಪ್ಪೋ ಹೇಳಿರಿ.
1. ಫೋನಿನ ಪರದೆ ಹಳದಿ ಮಾಡಿದರೆ ಸಾಕು, ಎಷ್ಟು ಹೊತ್ತು ಬೇಕಾದರೂ ನೋಡಬಹುದು.
2. ದಿಂಬಿನ ಕೆಳಗೆ ಫೋನ್ ಚಾರ್ಜ್ ಮಾಡಬಾರದು.
3. ಡಾಕ್ಟರನ್ನು ಕೇಳದೆ ನಿದ್ದೆ ಗುಳಿಗೆ ತೆಗೆದುಕೊಳ್ಳಬಹುದು.

ಈ. ಲೆಕ್ಕ ಮಾಡಿರಿ.
1. ಒಬ್ಬರು ದಿನಾಲೂ ರಾತ್ರಿ 1 ತಾಸು ನಿದ್ದೆ ಬಿಟ್ಟು ಫೋನ್ ನೋಡುತ್ತಾರೆ. 30 ದಿನಕ್ಕೆ ಎಷ್ಟು ತಾಸು ನಿದ್ದೆ ಹೋಯಿತು? (ಉತ್ತರ: 30 ತಾಸು. ಅಂದರೆ ಒಂದು ಹಗಲು, ಒಂದು ರಾತ್ರಿ, ಮೇಲೆ 6 ತಾಸು.)
2. ಒಂದು ವರ್ಷಕ್ಕೆ? (ಉತ್ತರ: 365 ತಾಸು. ಅಂದರೆ 15 ದಿನ 15 ರಾತ್ರಿಗಿಂತ ಹೆಚ್ಚು.)
3. ಕಾಕು ರಾತ್ರಿ 11ಕ್ಕೆ ನಿದ್ದೆ ಹೋಗಿ 5ಕ್ಕೆ ಏಳುತ್ತಾಳೆ. 9-30ಕ್ಕೆ ನಿದ್ದೆ ಹೋದರೆ ಅವಳಿಗೆ ಎಷ್ಟು ನಿದ್ದೆ ಹೆಚ್ಚು ಸಿಗುತ್ತದೆ? ನೀವೇ ಮಾಡಿ.

ಉ. ಗುಂಪಿನಲ್ಲಿ ಮಾತಾಡಿರಿ.
1. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಲಗುವವರು ಯಾರು? ಮೊದಲು ಏಳುವವರು ಯಾರು? ಇಬ್ಬರೂ ಒಬ್ಬರೇ ಆಗಿದ್ದರೆ ಅವರ ಕೆಲಸದಲ್ಲಿ ಯಾರು ಯಾರು ಪಾಲು ತೆಗೆದುಕೊಳ್ಳಬಹುದು?
2. ನಿಮ್ಮ ಓಣಿಯಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಫೋನ್ ಬಂದ್ ಮಾಡಲು ಏನು ಮಾಡಬೇಕು?

ಊ. ಮನೆಯಲ್ಲಿ ಮಾಡಿರಿ.
ಒಂದು ಹಾಳೆಯಲ್ಲಿ ಸೋಮವಾರದಿಂದ ರವಿವಾರದ ತನಕ ಏಳು ಗೆರೆ ಹಾಕಿ. ದಿನಾಲೂ ಮುಂಜಾನೆ ಮೂರು ಮಾತು ಬರೆಯಿರಿ: ಫೋನ್ ಎಷ್ಟಕ್ಕೆ ಇಟ್ಟೆ, ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎದ್ದೆ. ಪಕ್ಕದಲ್ಲಿ "ಹಗುರ" ಅಥವಾ "ಜಡ" ಎಂದು ಬರೆಯಿರಿ. ಏಳು ದಿನವಾದ ಮೇಲೆ ಹಾಳೆಯನ್ನು ಕಲಿಕಾ ಕೇಂದ್ರಕ್ಕೆ ತನ್ನಿ. ಎಲ್ಲರೂ ಓದಿ ನೋಡೋಣ. ಫೋನ್ ಬೇಗ ಇಟ್ಟ ದಿನ ಏನು ಬರೆದಿದ್ದೀರಿ? ತಡವಾಗಿ ಇಟ್ಟ ದಿನ ಏನು ಬರೆದಿದ್ದೀರಿ? ನಿಮ್ಮ ಹಾಳೆಯೇ ನಿಮಗೆ ಹೇಳುತ್ತದೆ.